ಹೊತ್ತು ಮುಳುಗಿದ ಮೇಲೆ ಒಂದು ಗುಟುಕು ನೀರು

ಹಲೋ... ಯಾರ್ರಿ?... ಹಾಂ, ಯಾರ್ರಿ ಮಾತಾಡೂದು?...

ತಾರಕ್ಕಾರ ಏನ್ರಿ? ನಂಬರ ಹೊಸಾದು, ಗುರ್ತ ಸಿಗಲಿಲ್ಲ. ಸದಲಗಾದಾಗ ಎಲ್ಲಾರೂ ಆರಾಮ?... ನಾ ಕುಸುಮಾನ ರೀ, ಮತ್ಯಾರ ಎತ್ತತಾರ ಈ ಮನ್ಯಾಗ?...

ನಿಮ್ಮವ್ವಾರು ಆರಾಮ ಅದಾರ. ಇಲ್ಲೇ ಮಂಚದ ಮ್ಯಾಲ ಕುಂತಾರ. ಕಿವಿ ಮಂದ, ಹಂತ್ಯಾಕ ಹೋಗಿ ಜೋರ ಅಂದ್ರಷ್ಟ ಕೇಳಸತೈತಿ...

ನೀರಿಗೆ ಅಳತಾರ? ಯಾರ ಹೇಳಿದ್ರು? ಬಾಜೂ ಮನಿ ಮಯೂರಿ ಹೌದಲ್ಲ? ಅಕಿಗೆ ನಮ್ಮ ಕಿಡಕಿ ಬಿಟ್ರ ಬ್ಯಾರೆ ಕೆಲಸಿಲ್ಲ...

ಹೌದ್ರಿ, ಬಾಯಿ ಒಣಗತೈತಿ. ಉಚ್ಚಿ ತಡ್ಯಾಕ ಚಿಕ್ಕೋಡಿ ಡಾಕ್ಟರ ಗುಳಿಗಿ ಕೊಟ್ಟಾರಲ್ಲ, ಅದಕ್ಕ ಆಗತೈತಂತ. ಅವರ ಹೇಳೇ ಕೊಟ್ಟಾರ. ಘಳಿಗಿಗೊಮ್ಮೆ ಒಂದ ಗುಟುಕ ನೀರ ಕುಡಸ್ರಿ, ಭಾಳ ಒಣಗಿದ್ರ ಕರಕೊಂಡ ಬರ್ರಿ, ಗುಳಿಗಿ ಬದಲ ಮಾಡತೇನಿ ಅಂದಾರ...

ಕುಡಸತೇನ್ರಿ. ಹೊತ್ತ ಮುಳಗೂತನಾ ಕುಡಸತೇನಿ. ಆಮ್ಯಾಲ ಅವರ ನೇಮ ಐತಲ್ಲ, ಕತ್ತಲಾದ್ರ ನೀರೂ ಇಲ್ಲ. ಮೂವತ್ತ ವರ್ಷದ ನೇಮ. ಬಸದಿಯಾಗ ಎಲ್ಲಾರೂ ಅಂತಾರ, ಕುಸುಮಾ, ನಿಮ್ಮತ್ತಿ ಪುಣ್ಯವಂತಿ ಅಂತ...

ಬಸದಿಗೆ ಹೋಗಿ ಮುನಿ ಮಹಾರಾಜರನ್ನ ಕೇಳಿ ಬಂದ್ರಿ? ಏನಂದ್ರು?... ಜಡ್ಡಿನವರಿಗೆ ನೀರ ಮಾಫಿ ಅಂದ್ರು?... ಹಾಂ. ನನಗೂ ಹಂಗ ಹೇಳಿದ್ರು, ಹೋದ ತಿಂಗಳ. ಮಾಫಿ ಕೊಡೂದು ಸಸಾರ ಐತಿ ತಾರಕ್ಕಾರ. ಮಹಾರಾಜರೇನ ಹಾಸಿಗಿ ಒಗ್ಯಾಕ ಬರತಾರ?...

ಇಲ್ಲ, ಅತ್ತಿಗೆ ಹೇಳಿಲ್ಲ. ಯಾಕ ಹೇಳಬೇಕ?...

ನಾಕ ವರ್ಷ ಒಗದೇನ್ರಿ ನಾನು. ನೀವು ಬಂದಾಗೆಲ್ಲ ಮೂಗಿಗೆ ಸೆರಗ ಹಿಡಕೊಂಡ ಬಾಗಲದಾಗ ನಿಂತ ಮಾತಾಡಿ ಹೋಗತಿದ್ರಿ, ನೆನಪ ಐತಿಲ್ಲ? ಈ ಗುಳಿಗಿ ಬಂದ ಮ್ಯಾಲ ಹಾಸಿಗಿ ಒಣಾ ಐತಿ. ಬಾಯಿ ಒಣಗಿದ್ರ ತ್ರಾಸ ಅವರಿಗೆ. ಹಾಸಿಗಿ ತೊಯ್ದ್ರ ತ್ರಾಸ ನನಗ. ಗುಳಿಗಿ ಬದಲ ಮಾಡಸಂಗಿಲ್ಲ ನಾ...

ಎಷ್ಟ ಕೊಡತೇನಿ?... ಎಲ್ಲಾ ಕೇಳತೀರಲ್ಲ. ಒಂದ ಬರದಾರ. ಒಂದಕ್ಕ ಬೆಳಕ ಹರಿಯೂತನಾ ತಡೀತಿದ್ದಿಲ್ಲ. ಎರಡ ಹಾಕಿದ್ರ ತಡೀತೈತಿ...

ಚೀರಬ್ಯಾಡ್ರಿ. ನಿಮ್ಮ ತಮ್ಮಗ ಗೊತ್ತೈತಿ. ಹಾಸಿಗಿ ಒಣಾ ಇದ್ದದ್ದ ನೋಡಿ ಅವರೂ ಸುಮ್ಮನದಾರ...

ನಾಳೆ ಬಂದ ಒಯ್ಯತೀರಿ? ಸದಲಗಾಕ? ಹಂಗೆಂಗ ಒಯ್ಯತೀರಿ? ಸೊಸಿ ಅತ್ತೀನ ಹೊರಗ ಹಾಕಿದ್ಲು ಅಂತ ಈ ಭೋಜ ಊರಿನ ಮಂದಿ ನನ್ನ ಮಾರಿಗೆ ಉಗಳಲೇನು? ಅವರನ್ನ ಕೇಳೂನ. ಬರತೇನಿ ಅಂದ್ರ ಒಯ್ಯರಿ. ತಡೀರಿ, ಸ್ಪೀಕರ ಹಚ್ಚತೇನಿ...

ಅತ್ತೀ, ತಾರಕ್ಕಾರು ಫೋನ ಮಾಡ್ಯಾರ. ಸದಲಗಾಕ ಬರತೀರೇನು ಅಂತ ಕೇಳಾಕತ್ತಾರ. ಹೇಳ್ರಿ... ಬಾಯಿ ತಗದ ಹೇಳ್ರಿ. ಕೈ ಸನ್ನಿ ಮಾಡಿದ್ರ ಫೋನಿನ್ಯಾಗ ಕಾಣಸತೈತೇನು?...

ಕೇಳಿದ್ರಿಲ್ಲ ತಾರಕ್ಕಾರ? ಏನೂ ಅನವಲ್ರು...

ಲಟಕ್ ಲಟಕ್ ಅನ್ನಾಕತ್ತೇತಿ? ಅದು ಮಾತಲ್ರಿ. ನಾಲಿಗಿ ಅಂಗುಳಕ್ಕ ಹತ್ತಿ ಬಿಡೂ ಸಪ್ಪಳ...

ಒಂದ ಗುಟುಕ ಕುಡಿಸಿ ಕೇಳಲಿ? ಈಗೇನ್ರಿ? ಈಗಷ್ಟ ಹೊತ್ತ ಮುಳಗೇತಿ. ಮಗಳಾಗಿ ತಾಯಿ ನೇಮ ಮುರಸತೀರೇನು?...

ಅವ್ವಾ, ಅವ್ವಾ ಅಂತ ಎಷ್ಟ ಕರದ್ರೂ ಅಷ್ಟ. ಸ್ಪೀಕರ ಬಂದ್ ಮಾಡೇನಿ ನಾ. ನಿಮ್ಮ ಮಾತು ಇನ್ನ ಅವರಿಗೆ ಮುಟ್ಟೂದಿಲ್ಲ. ಇಲ್ಲಿದು ನಿಮಗ ಕೇಳಸತಿರತೈತಿ, ಕೇಳ್ರಿ...

ಅತ್ತೀ, ತಾರಕ್ಕಾರು ಫೋನ ಇಟ್ರು ನೋಡ್ರಿ. ಒಯ್ಯಾಕ ಆಗೂದಿಲ್ಲ ಅಂದ್ರು. ಅವರಿಗೂ ಸಂಸಾರ ಐತಿ, ಪಾಪ... ಅಳಬ್ಯಾಡ್ರಿ. ನಾ ಅದೇನಲ್ಲ ನಿಮಗ, ಕಡೀತನಾ ನಾನ...