ಜೀರಿಗೆಯ ಅಳು

ಅಯ್ಯೋ, ಬಾಗಿಲು ತಟ್ಟಬೇಡಿ ಮೇಡಂ, ಈ ಕಡೆ ಬನ್ನಿ... ಇಲ್ಲಿ, ಕಿಟಕಿ ಹತ್ರ! ಆ ದಾಸವಾಳದ ಗಿಡ ಸರಿಸ್ಕೊಂಡು ಬನ್ನಿ. ಕಾಲ್ಕೆಳಗೆ ನೀರಿನ ಪೈಪಿದೆ, ನೋಡ್ಕೊಳ್ಳಿ... ಹಾಂ.

ಪಶು ಆಸ್ಪತ್ರೆ ಮಂಜುಶ್ರೀ ಮೇಡಂ ಅಲ್ವಾ? ಗುರುತು ಸಿಗದೇ ಏನು! ಹೋದ ಭಾನುವಾರ ತಾನೇ ಬಂದು ನಮ್ಮ ನಾಯಿಮರಿ ಜೀರಿಗೆಗೆ ಪಾಠ ಹೇಳಿ ಹೋಗಿದ್ರಿ. ಅವತ್ತು ನಮ್ಮವರಿದ್ರು, ಒಳಗೆ ಕೂರಿಸಿ ಕಾಫಿ ಕೊಟ್ವಿ. ಇವತ್ತು ನೋಡಿ, ಬಿಸಿಲಲ್ಲಿ ನಿಲ್ಲಿಸ್ಕೊಂಡು ಮಾತಾಡೋ ಹಾಗಾಯ್ತು. ಹೊಸನಗರದಲ್ಲಿ ಫಾಲ್ಗುಣಕ್ಕೇ ಇಷ್ಟು ಬಿಸಿಲು ಅಂದ್ರೆ ಮುಂದೆ ಏನು ಗತಿ!

ಬೀಗವಾ? ಅದು... ಹೂಂ, ಹೊರಗಡೆಯಿಂದ ಹಾಕಿದೆ. ಅವರು ಬೆಳಿಗ್ಗೆ ತೀರ್ಥಹಳ್ಳಿ ಬಸ್ಸಿಗೆ ಹೋದ್ರಲ್ಲ, ಪಾತ್ರೆ ಅಂಗಡಿ ಇರೋದು ಅಲ್ಲೇ ಅಲ್ವಾ, ಹೋಗೋ ಗಡಿಬಿಡೀಲಿ ಎರಡೂ ಕೀ ತಗೊಂಡು ಹೋಗ್ಬಿಟ್ಟಿದಾರೆ. ಮರೆವು ಅವರಿಗೆ. ಬೇಡ ಬೇಡ, ಫೋನ್ ಮಾಡ್ಬೇಡಿ! ಅಂಗಡೀಲಿ ಗಿರಾಕಿ ಇರೋ ಹೊತ್ತು, ರೇಗ್ತಾರೆ... ಅಂದ್ರೆ ನಿಮ್ಮ ಮೇಲಲ್ಲ. ನನ್ನ ಫೋನಾ? ರಿಪೇರಿಗೆ ಕೊಟ್ಟಿದಾರೆ. ಯಾವಾಗ ಅಂದ್ರೆ... ಆಯ್ತು ಸ್ವಲ್ಪ ದಿನ.

ವರದಮ್ಮ ಮತ್ತೆ ದೂರು ಹೇಳಿದ್ರಾ? ಗೊತ್ತಿತ್ತು ನಂಗೆ! ನಿಮ್ಮನ್ನ ನೋಡಿದ ತಕ್ಷಣ ಅಂದ್ಕೊಂಡೆ. ಪಕ್ಕದ ಮನೆಯವರು, ಒಳ್ಳೇವರೇ, ಆದ್ರೆ ಕಿವಿ ಒಂದು ಬಲು ಚುರುಕು. ಮಧ್ಯಾಹ್ನ ಮಲಗೋಕಾಗಲ್ಲ ಅಂದ್ರಾ? ಪಾಪ. ನಾಯಿ ಜೀವ ಮೇಡಂ, ಒಬ್ಬಂಟಿ ಆದ್ರೆ ಅಳತ್ತೆ, ಏನು ಮಾಡೋದು. ನೀವೇ ಹೇಳಿದ್ರಲ್ಲ, ಬಿಟ್ಟು ಹೋದೋರು ವಾಪಸ್ ಬರ್ತಾರೆ ಅನ್ನೋದು ಅದಕ್ಕೆ ಗೊತ್ತಿರಲ್ಲ ಅಂತ. ಆ ಮಾತು ನಂಗೆ ಎಷ್ಟು ಮನಸ್ಸಿಗೆ ತಾಗ್ತು ಅಂದ್ರೆ...

ಇರಲಿ. ನೀವು ಹೇಳಿದ್ದೆಲ್ಲ ಮಾಡಿದೀನಿ, ಕೇಳಿ. ನನ್ನ ಹಳೇ ಸೀರೆ ಮಡಚಿ ಹಾಸಿದೀನಿ, ನನ್ನ ವಾಸನೆ ಇರ್ಲಿ ಅಂತ. ರೇಡಿಯೋ ಸಣ್ಣಗೆ ಹಾಕಿಡ್ತೀನಿ. ಕಡಿಯೋಕೆ ಮೂಳೆ ಕೊಡಿ ಅಂದಿದ್ರಿ, ಜೈನರ ಮನೇಲಿ ಮೂಳೆ ಎಲ್ಲಿಂದ ತರ್ಲಿ ಹೇಳಿ! ನಗ್ಬೇಡಿ. ತೆಂಗಿನ ಚಿಪ್ಪಿಗೆ ಮೊಸರನ್ನ ಗಟ್ಟಿಯಾಗಿ ಮೆತ್ತಿ ಕೊಟ್ಟೆ. ಗಂಟೆಗಟ್ಟಲೆ ನೆಕ್ತಾ ಕೂರತ್ತೆ, ಕೊನೆಗೆ ಚಿಪ್ಪು ತೊಳೆಯೋದೇ ಬೇಡ!

ಆಮೇಲೆ ಚಪ್ಪಲಿ. ಚಪ್ಪಲಿ ಹಾಕ್ಕೊಳ್ಳಿ, ಹೋಗೋ ಹಾಗೆ ಮಾಡಿ, ಹೋಗದೇ ಕೂತ್ಕೊಳ್ಳಿ, ಆಗ ಚಪ್ಪಲಿ ಸದ್ದಿಗೆ ಹೆದರೋದು ಬಿಡತ್ತೆ ಅಂದ್ರಿ. ಮಾಡಿದೆ ಮೇಡಂ. ಚಪ್ಪಲಿ ತೆಗೆದ್ರೆ ಒಳಗೆ ಜೇಡ ಬಲೆ ಕಟ್ಟಿತ್ತು! ಕಾಲಿಟ್ಟವಳು ಕಿರುಚಿಬಿಟ್ಟೆ, ಜೀರಿಗೆ ಹೆದರಿ ಮಂಚದ ಕೆಳಗೆ... ಯಾಕೆ ಹಾಗೆ ನೋಡ್ತೀರಿ? ನಾನು ಹೊರಗೆ ಹೋಗೋದು ಕಮ್ಮಿ, ಅಷ್ಟೇ. ಮನೆ ತುಂಬ ಕೆಲ್ಸ ಇರತ್ತೆ.

ಒಂದು ನಿಮಿಷ ಹೊರಗೆ ಹೋಗಿ ಬನ್ನಿ, ಆಮೇಲೆ ಎರಡು, ಆಮೇಲೆ ಐದು ಅಂದಿದ್ರಲ್ಲ... ಅದನ್ನೂ ಮಾಡಿದೆ. ಎಲ್ಲಿಗಾ? ಗೇಟಿನ... ಇಲ್ಲ, ಸುಳ್ಳು ಯಾಕೆ, ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡೆ. ನಾಯಿಗೆ ಬಚ್ಚಲಾದ್ರೇನು ಬೀದಿಯಾದ್ರೇನು, ನಾನು ಕಾಣಬಾರದು ತಾನೇ? ಹಂಡೆ ಪಕ್ಕ ಕೂತು ಅರವತ್ತು ಎಣಿಸಿದೆ. ಹೊರಗೆ ಜೀರಿಗೆ ಸದ್ದೇ ಇಲ್ಲ. ಮುನ್ನೂರು ಎಣಿಸಿದೆ. ಆಗಲೂ ಇಲ್ಲ. ಬಾಗಿಲು ತೆಗೆದ್ರೆ ಅಲ್ಲೇ ಕಾಲ್ಚಾಚಿ ನಿದ್ದೆ ಹೊಡೀತಿದೆ!

ಹಾಗಾದ್ರೆ ವರದಮ್ಮಂಗೆ ಕೇಳಿಸಿದ್ದು ಏನು ಅಂತೀರಾ? ಅದು... ಬೇರೆ ಹೊತ್ತಲ್ಲಿ ಅಳತ್ತೆ. ದಿನಾ ಒಂದೇ ಥರ ಇರತ್ತಾ?

ನಮ್ಮವರು ಅವತ್ತು ನಿಮ್ಮ ಮಾತು ಎಷ್ಟು ಗಮನ ಇಟ್ಟು ಕೇಳಿದ್ರು ಗೊತ್ತಾ? ಬೇರೆಯವರ ಮಾತು ಅಷ್ಟೆಲ್ಲ ಕೇಳೋರಲ್ಲ. ನೀವು ಹೋದ್ಮೇಲೆ ನಗ್ತಾ ಅಂದ್ರು, 'ಈಕೆ ಹೇಳಿದ್ದು ಸರಿ ಕಣೇ, ಸ್ವಲ್ಪ ಸ್ವಲ್ಪವೇ ಹೆಚ್ಚು ಮಾಡಿದ್ರೆ ಯಾವ ಜೀವವೂ ಒಗ್ಗಿಹೋಗತ್ತೆ. ನಾನೂ ಹಾಗೇ ಮಾಡಿದ್ದು' ಅಂತ.

ಏನು ಮಾಡಿದ್ದಾ? ನಾಯಿಗೇ... ನಾಯಿ ವಿಷಯವೇ ಹೇಳಿದ್ದು.

ಬೀಗ ಯಾಕೆ ಅಂತ ಮತ್ತೆ ಅದನ್ನೇ ಕೇಳ್ತೀರಲ್ಲ! ಹೇಳಿದ್ನಲ್ಲ, ಮರೆತು... ಸರಿ, ಮರೆತಲ್ಲ. ನಾಯಿಗೋಸ್ಕರ. ಬಾಗಿಲು ತೆಗೆದಿದ್ರೆ ರೋಡಿಗೆ ಓಡತ್ತೆ, ಲಾರಿ ಓಡಾಡೋ ದಾರಿ. ಅದಕ್ಕೇ ಬೀಗ. ಒಳಗಿಂದ ಚಿಲಕ ಹಾಕ್ಕೋಬಹುದಿತ್ತು, ಹೌದು. ಆದ್ರೆ ಅದು ಬರೋಕಿಂತ ಮುಂಚೆಯಿಂದಲೂ ರೂಢಿ ಆಗ್ಬಿಟ್ಟಿದೆ.

ಜೀರಿಗೆ ಬಂದಿದ್ದು ದೀಪಾವಳಿಗೆ. ಪಟಾಕಿ ಸದ್ದಿಗೆ ಹೆದರಿ ಎಲ್ಲಿಂದಲೋ ಓಡಿ ಬಂತು, ಅಂಗೈಯಗಲ ಮುಖ, ನಡುಗ್ತಾ ಇತ್ತು. ಬೀಗ ಅದಕ್ಕೂ ಮುಂಚಿಂದು... ತಪ್ಪು ತಿಳ್ಕೋಬೇಡಿ, ಅದರಲ್ಲಿ ಅವರದ್ದೇನೂ ಇಲ್ಲ. ನಾನೇ ತಂದ್ಕೊಂಡಿದ್ದು. ಭಾದ್ರಪದದಲ್ಲಿ ನಮಗೆ ದಶಲಕ್ಷಣ ಪರ್ವ ಬರತ್ತೆ, ಹತ್ತು ದಿನ. ಆ ಸಲ ನಾನು ದೇಶವ್ರತ ತಗೊಂಡೆ. ಅಂದ್ರೆ ಇಷ್ಟು ದಿನ ಇಷ್ಟು ಜಾಗ ಬಿಟ್ಟು ಆಚೆ ಹೋಗಲ್ಲ ಅಂತ ನಮಗೆ ನಾವೇ ಎಲ್ಲೆ ಹಾಕ್ಕೊಳ್ಳೋದು. ಯಾರ ಬಲವಂತವೂ ಇರಲ್ಲ. ಬಸದೀಲಿ ಎಲ್ಲರೆದುರು ಬಾಯ್ಬಿಟ್ಟು ಹೇಳ್ದೆ, ಹತ್ತು ದಿನ ಮನೆ ಹೊಸ್ತಿಲು ದಾಟಲ್ಲ ಅಂತ. ಮನಸ್ಸು ಒಂದು ಕಡೆ ನಿಲ್ಲಲಿ ಅಂತ ತಗೊಂಡೆ. ಸಾಗರಕ್ಕೆ ನಮ್ಮಕ್ಕನ ಮನೆಗೆ ಹೋದಾಗಲೆಲ್ಲ ಮನೇಲಿ ಜಗಳ ಆಗೋದು, ಅದೂ ಸ್ವಲ್ಪ ತಣ್ಣಗಾಗ್ಲಿ ಅಂತ.

ಅವರಿಗೆ ಎಷ್ಟು ಖುಷಿ ಅಂತೀರಿ! ಎಲ್ಲರೂ ಹೊಗಳಿದ್ರು, ಪುಷ್ಪರಾಜ್ ಹೆಂಡ್ತಿ ಅಂದ್ರೆ ಹೀಗಿರಬೇಕು ಅಂತ. 'ನಿನ್ನ ವ್ರತಕ್ಕೆ ನಾನು ಕಾವಲು' ಅಂತ ಅವತ್ತೇ ಸಾಯಂಕಾಲ ಹೊಸ ಬೀಗ ತಂದ್ರು. ನಂಗೂ ನಗು ಬಂತು. ನಾನೇ ಅಡುಗೆಮನೆ ಮೊಳೆಯಿಂದ ನನ್ನ ಕೀ ತೆಗೆದು ಕೈಗೆ ಕೊಟ್ಟೆ.

ಹತ್ತು ದಿನ ಆಯ್ತು. ಹನ್ನೊಂದನೇ ದಿನ ಹಾಲು ತರೋಕೆ ಅಂತ ಹೋದವರು ಮತ್ತೆ ಬೀಗ ಹಾಕ್ಕೊಂಡು ಹೋದ್ರು. ಐದೇ ನಿಮಿಷ, ಅಭ್ಯಾಸಬಲ ಅಂದ್ಕೊಂಡೆ. ಮಾರನೇ ದಿನ ಕ್ಷೌರಕ್ಕೆ ಹೋದಾಗ ಅರ್ಧ ಗಂಟೆ. ಆಮೇಲೆ ಅಂಗಡಿಗೆ ಹೋಗುವಾಗ, ಮಧ್ಯಾಹ್ನದ ತನಕ. ಆಮೇಲೆ...

ಏ ಜೀರಿಗೆ! ಏ, ಎಲ್ಲಿಗೆ ಹೋಗ್ತೀಯ? ಬೇಡ ಕಣೋ, ಮೇಡಂ ಇದಾರೆ... ಒಳಗೆ ಬಾ! ಜೀರಿಗೆ!

ಅಯ್ಯೋ. ಸೀರೆ ನೆಕ್ತಾ ಇದೆಯಾ? ಕ್ಷಮಿಸಿ. ಹೂಂ... ಈ ಸರಳಿನ ನಡುವೆ ಆರಾಮಾಗಿ ತೂರತ್ತೆ. ಬಂದಿದ್ದೂ ಹೀಗೇ. ದಿನಾ ಹೊರಗೆ ಹೋಗತ್ತೆ, ಮೂತ್ರಕ್ಕೆ ಹೋಗತ್ತೆ, ಬೀದಿ ಸುತ್ತತ್ತೆ, ನೆನಪಾದ್ರೆ ವಾಪಸ್ ಬರತ್ತೆ.

ಏನಾದ್ರೂ ಹೇಳಿ ಮೇಡಂ.

ಒಂದ್ಸಲ ಈ ಸರಳು ನೋಡ್ತೀರಿ, ಒಂದ್ಸಲ ಆ ಬೀಗ ನೋಡ್ತೀರಿ. ಬಾಗಿಲಿಗೆ ಬೀಗ ಇದ್ರೂ ನಾಯಿ ಹೊರಗೆ ಹೋಗತ್ತೆ, ಗೊತ್ತು, ನಿಮಗೆ ಅನ್ನಿಸ್ತಿರೋದು ಗೊತ್ತು ನಂಗೆ. ಹಾಗೆ ನೋಡ್ಬೇಡಿ. ಬೇರೆ ಮನೆಗಳಿಗೆ ಹೋಗ್ಬೇಕಲ್ವಾ ನೀವು? ಹೊತ್ತಾಯ್ತು, ಹೋಗಿ. ವರದಮ್ಮಂಗೆ ಹೇಳಿ, ಇನ್ಮೇಲೆ ನಾಯಿ ಅಳಲ್ಲ ಅಂತ. ನಾನು ಬಾಯಿಗೆ ಬಟ್ಟೆ... ನಾನು ನೋಡ್ಕೋತೀನಿ.

ಎಲ್ಲಿಗೆ... ಅಲ್ಲಿ ಯಾಕೆ ಕೂತ್ರಿ? ಮಣ್ಣು ಅಲ್ಲಿ, ಸೀರೆ ಹಾಳಾಗತ್ತೆ, ಏಳಿ. ಮೇಡಂ?

...ಓ.

ನೆನಪಾಯ್ತು. ನೀವೇ ಹೇಳಿದ್ರಿ ಅವತ್ತು. ಅತ್ತಾಗ ಸಮಾಧಾನ ಮಾಡೋಕೆ ಹೋಗ್ಬೇಡಿ, ಮಾತಾಡಿಸ್ಬೇಡಿ, ಕಣ್ಣಿಗೆ ಕಾಣೋ ಹಾಗೆ ಸುಮ್ನೆ ಹತ್ರ ಕೂತ್ಕೊಳ್ಳಿ, ಬಿಟ್ಟು ಹೋಗಲ್ಲ ಅಂತ ಅದಕ್ಕೇ ಗೊತ್ತಾಗತ್ತೆ ಅಂತ. ಅದಕ್ಕೇ ಕೂತಿದೀರಾ? ನಂಗಾ?

ಹಾಗೆ ಮಾಡ್ಬೇಡಿ ಮೇಡಂ... ನಂಗೆ ತಡ್ಕೊಳ್ಳೋಕೆ ಆಗಲ್ಲ...

ಆರು ತಿಂಗಳಾಯ್ತು. ನೀವು ಬಂದ ಭಾನುವಾರ ಬಾಗಿಲು ತೆಗೆದಿತ್ತಲ್ಲ, ನಾಕು ಹೆಜ್ಜೆ ಅಷ್ಟೇ ಇತ್ತು, ನಂಗೆ ಏಳೋಕೇ ಆಗ್ಲಿಲ್ಲ. ಕಾಫಿ ಲೋಟ ಹಿಡ್ಕೊಂಡು ಕೂತೇ ಇದ್ದೆ. ಅಷ್ಟು ಒಗ್ಗಿಹೋಗಿದೀನಿ! ಮಾಲಿನಿ ಎಲ್ಲಿ ಅಂತ ಬಸದೀಲಿ ಯಾರಾದ್ರೂ ಕೇಳಿದ್ರೆ ನಮ್ಮವರು 'ಅವಳಿನ್ನೂ ವ್ರತದಲ್ಲಿದಾಳೆ' ಅಂತಾರಂತೆ. ಹತ್ತು ದಿನಕ್ಕೆ ಅಂತಾನೇ ಹೇಳಿದ್ದು ನಾನು, ಹತ್ತೇ ದಿನಕ್ಕೆ. ಅಕ್ಕ ಅವರ ಫೋನಿಗೆ ಮಾಡ್ತಾಳೆ, ಅವರು ಎದುರಿಗೇ ಕೂತಿರ್ತಾರೆ, ಜೀರಿಗೆ ಅಳತ್ತೆ ಕಣೇ, ಬಿಟ್ಟು ಬರೋಕಾಗಲ್ಲ ಅಂತೀನಿ. ವರದಮ್ಮಂಗೂ ಅದನ್ನೇ ಹೇಳ್ದೆ. ಪಾಪದ ಪ್ರಾಣಿ, ಅದರ ತಲೆಗೆ ಕಟ್ಟಿಬಿಟ್ಟೆ.

ಫೋನ್ ತೆಗೀತಿದೀರಾ? ಅವರಿಗೆ ಬೇಡ! ದಮ್ಮಯ್ಯ, ಅವರಿಗೆ ಬೇಡ... ಅಕ್ಕಂಗೆ. ಸಮತಾ ಅಂತ, ಸಾಗರದಲ್ಲಿ. ನಂಬರ್ ಬಾಯಲ್ಲೇ ಇದೆ. ದಿನಾ ಜೀರಿಗೆ ಎದುರಿಗೆ ಹೇಳ್ತೀನಿ, ಮರೆತುಹೋಗ್ಬಾರದು ಅಂತ. ಹೇಳ್ಲಾ? ಬರ್ಕೋತೀರಾ? ಮುಂದೆ ಏನಾಗತ್ತೋ... ಹೇಳ್ತೀನಿ, ಬರ್ಕೊಳ್ಳಿ.

ನಾಯಿ ಅಳ್ತಿದೆ ಅಂತ ಹೇಳ್ಬೇಡಿ ಮೇಡಂ ಅವಳಿಗೆ. ಮಾಲಿನಿ ಅಂತ ಹೇಳಿ.