ಪ್ರೇಕ್ಷಾಳ ಮೂಗು

ಕಾರವಾರದ ಬಸ್ ನಿಲ್ದಾಣದಲ್ಲಿ ಅಂಕೋಲೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಯುವತಿ ಮತ್ತು ಅವಳ ಚಿಕ್ಕಮ್ಮ ಕುಳಿತಿದ್ದರು. ಅವರು ಗೋವಾದ ಮಡಗಾಂವಿಗೆ ಹೊರಟವರು.

"ಇನ್ನೊಂದ್ ಸಲ ಯೋಚ್ನೆ ಮಾಡೇ ಪ್ರೇಕ್ಷಾ. ಮೂಗಿನ ಆಪರೇಶನ್ ಅಂದ್ರೆ ಸುಮ್ನೆ ಅಲ್ಲ," ಎಂದರು ಚಿಕ್ಕಮ್ಮ.

"ಯೋಚ್ನೆ ಮಾಡಿಯೇ ಹೊರಟದ್ದು ಮಾವಶಿ."

"ಅಲ್ವೇ, ಹೋದ್ವರ್ಷ ಆ ಗಂಡಿನ ಮನೆಯವ್ರೂ ಇದನ್ನೇ ಹೇಳಿದ್ರಲ್ಲ? ಮೂಗು ಸರಿ ಮಾಡ್ಸಿದ್ರೆ ಮದುವೆ ಅಂತ. ಆಗ ನೀನೇ ಬ್ಯಾಡ ಅಂದೆ."

"ಮತ್ತೆ? ಅವ್ರಿಗೆ ಚಂದ ಕಾಣ್ಲಿ ಅಂತ ನನ್ನ ಮುಖ ಕೊಯ್ಸಿಕೊಳ್ಳೂದಾ?"

"ಹಂಗಾರೆ ಈಗ ಎಂತಕ್ಕೆ?"

"ಈಗ ನನಗೆ ಬೇಕು. ಹೈಸ್ಕೂಲಿಂದ ಪ್ರತಿ ಫೋಟೋದಲ್ಲೂ ಒಂದೇ ಬದಿ ತಿರುಗಿ ನಿಂತು ಸಾಕಾಯ್ತು."

ಚಿಕ್ಕಮ್ಮ ಮಡಿಲಲ್ಲಿದ್ದ ಬ್ಯಾಗನ್ನು ಸರಿಪಡಿಸಿಕೊಂಡರು.

"ಮಡಗಾಂವ್ ಡಾಕ್ಟ್ರು ಎಂತ ಹೇಳಿದ್ರು?"

"ಮೂಗಿಗಿಂತ ಮನಸ್ಸಿನ ಸುದ್ದಿಯೇ ಹೆಚ್ಚು ಕೇಳಿದ್ರು. ಮೂಗು ನೆಟ್ಟಗಾದ್ರೆ ಬದುಕೂ ನೆಟ್ಟಗಾಗ್ತದೆ ಅಂತ ನಂಬಿ ಬಂದವ್ರನ್ನ ವಾಪಸ್ ಕಳಿಸ್ತಾರಂತೆ."

"ನೀನು ಎಂತ ಅಂದೆ?"

"ನನ್ನ ಬದುಕು ನೆಟ್ಟಗೇ ಉಂಟು ಡಾಕ್ಟ್ರೇ, ಮೂಗೊಂದೇ ಸೊಟ್ಟ ಅಂದೆ."

ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ದನಿ ತಗ್ಗಿಸಿದರು.

"ಊರಲ್ಲಿ ಕೇಳಿದ್ರೆ ಬಿದ್ದು ಪೆಟ್ಟಾಯ್ತು ಅನ್ಲಾ?"

"ಸುಳ್ಳೆಂತಕ್ಕೆ? ಪ್ರೇಕ್ಷಾ ಮೂಗು ಮಾಡ್ಸಿಕೊಂಡ್ಳು ಅಂತ್ಲೇ ಹೇಳು."

ಅಷ್ಟರಲ್ಲಿ ಮಡಗಾಂವ್ ಬಸ್ಸು ಬಂತು. ಜನ ಬಾಗಿಲಿಗೆ ಮುತ್ತಿಕೊಂಡರು. ಚಿಕ್ಕಮ್ಮ ಬ್ಯಾಗನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಹುಡುಗಿಯನ್ನು ಎಳೆಯುತ್ತಾ ಗುಂಪಿನೊಳಗೆ ನುಗ್ಗಿದರು. ಅವರ ದನಿ ಇಡೀ ನಿಲ್ದಾಣಕ್ಕೆ ಕೇಳಿಸಿತು.

"ದಾರಿ ಬಿಡಿ, ದಾರಿ ಬಿಡಿ! ನಮ್ಮ ಹುಡುಗಿ ಮೂಗು ಮಾಡ್ಸೂಕೆ ಹೊರಟಿದಾಳೆ!"