ಗುಡ್ಡದ ಮೇಲಿನ ತಾಳೆಮರ

ಹುಬ್ಬಳ್ಳಿಯ ಮೋಟಾರು ಸ್ಟ್ಯಾಂಡಿನಲ್ಲಿ ಧಾರವಾಡದ ಗಾಡಿಗೆ ಕಾಯುತ್ತಿದ್ದ ಕಾಶೀಬಾಯಿ ಸಮುದ್ರ ಕಂಡವರಲ್ಲ. ಆದರೂ ಪಕ್ಕದ ಬೆಂಚಿನ ಮಾತಿಗೆ ಅವರ ಕಿವಿ ತಾನಾಗಿ ತಿರುಗಿತು. ಮುದುಕ ಅಬ್ದುಲಮಜೀದ, ಎರಡೂ ಕಣ್ಣಿಗೆ ಪೊರೆ ಬಂದು, ಕುಮಟೆಯ ಕಡಲಲ್ಲಿ ಹಾಯಿಯ ಮಚವೆ ದೋಣಿ ನಡೆಸುವುದನ್ನು ಬಿಟ್ಟು ಇಲ್ಲಿ ಮಗಳ ಮನೆ ಸೇರಿದವನು. ಈಗ ಆ ಮಚವೆ ನಡೆಸುವ ಶಾಬುದ್ದೀನ ಅವನನ್ನು ನೋಡಲು ಬಂದು, ಕುಮಟೆಗೆ ಮರಳುತ್ತಿದ್ದ; ಮುದುಕ ಅವನನ್ನು ಕಳಿಸಿಕೊಡಲು ಬಂದಿದ್ದ.

“ಮಳಿಗಾಲ ಮುಗೀತು. ಹಾಯಿ ಯಾವಾಗ ಏರಸ್ತಿ?”

“ಬರೋ ಶುಕ್ರವಾರ, ಚಾಚಾ.”

“ದಂಡಿ ಗುಡ್ಡ ದಾಟೂಮುಂದ ಹುಷಾರು. ನೀರಿನ ಬುಡಕ ಕಲ್ಲದಾವ.”

“ನೀವೇ ಕಲಿಸಿದ್ದಲ್ವಾ.”

“ಹೇಳು ನೋಡೂಣು, ಚುಕ್ಕಾಣಿ ಎಲ್ಲಿ ತಿರುವಬೇಕು?”

“ಮಸೀದಿ ಮಿನಾರು, ಗುಡ್ಡದ ತಾಳೆಮರ ಎರಡೂ ಒಂದೇ ಗೆರೆಗೆ ಬಂದಾಗ.”

“ಛಲೋ. ನಾನೂ ದಿನಾ ಹಾಸಿಗ್ಯಾಗ ಮಲಕೊಂಡು ಅಲ್ಲೇ ತಿರುವತೇನಿ. ಮರ ಹೆಂಗೈತಿ?”



“ಹೋದ ವರ್ಷದ ಗಾಳಿಗೆ ಬಿದ್ದೋಯ್ತು, ಚಾಚಾ.”

“ಮತ್ತ ಏನ್ ನೋಡಿ ತಿರುವತೀರಿ?”

“ಅದು ಇದ್ದ ಜಾಗ ನೋಡಿ. ನಮಗೆಲ್ಲ ಅದು ಇನ್ನೂ ಅಲ್ಲೇ ಕಾಣ್ತದೆ.”

ಕುಮಟೆಯ ಮೋಟಾರು ಹಾರ್ನ್ ಹೊಡೆಯಿತು. ಮುದುಕ ಶಾಬುದ್ದೀನನ ತೋಳು ತಡವಿ ಹಿಡಿದು ಎದ್ದ.

“ಹಂಗಾರ ನನಗೂ ಕಾಣತೈತಿ,” ಅನ್ನುತ್ತ, ಅವನ ಜೊತೆ ಮೆಲ್ಲಗೆ ಮೋಟಾರಿನ ಕಡೆ ನಡೆದ.